ಕಿಲ್ಟ್ ಉಟ್ಟು ಕೆಲಸಕ್ಕೆ ಹೊರಟವರು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಉಣ್ಣುವುದನ್ನು ನಾಲಗೆ ನಿರ್ಧರಿಸಿದರೆ, ಉಡುವುದನ್ನು ನಾಲ್ಕು ಜನರ ಕಣ್ಣು ನಿರ್ಧರಿಸುತ್ತದೆ ಎಂಬುದು ಆ ಮಾತಿನ ತಾತ್ಪರ್ಯ. ಆದರೆ ನಾಲ್ಕು ಜನರ ಕಣ್ಣಿಗೆ ಒಗ್ಗದ ಉಡುಪೊಂದನ್ನು, ಅದೂ ತನ್ನದೇ ನಾಡಿನ ಉಡುಪನ್ನು, ದಿನನಿತ್ಯ ಉಟ್ಟು ಬೀದಿಗಿಳಿಯುವೆನೆಂದು ಹೊರಟವನ ಪಾಡೇನು? ಈ ಪ್ರಶ್ನೆಯನ್ನು ಕೇಳುವುದಕ್ಕೆ ಸ್ಕಾಟ್ಲೆಂಡಿನಷ್ಟು ತಕ್ಕ ನಾಡು ಇನ್ನೊಂದಿಲ್ಲ.

ಸ್ಕಾಟ್ಲೆಂಡ್ ಎಂದೊಡನೆ ಲೋಕದ ಕಣ್ಣ ಮುಂದೆ ನಿಲ್ಲುವುದು ಮೊಣಕಾಲಿನವರೆಗೆ ಇಳಿಬಿದ್ದ ಚೌಕಳಿಯ ಕಿಲ್ಟನ್ನು ಉಟ್ಟು ಬ್ಯಾಗ್‌ಪೈಪ್ ಊದುವ ಗಂಡಸು. ಬಿಸ್ಕತ್ತಿನ ಡಬ್ಬಿಯ ಮೇಲೂ ಪ್ರವಾಸಿಗರಿಗೆ ಮಾರುವ ಚಿತ್ರಗಳಲ್ಲೂ ಅವನೇ ಇದ್ದಾನೆ. ಆದರೆ ಎಡಿನ್‌ಬರೋ ನಗರದಲ್ಲಿ ವಾರದ ನಡುವಿನ ಯಾವುದಾದರೊಂದು ಬೆಳಿಗ್ಗೆ ಬಸ್ಸು ಹತ್ತುವ ನೂರಾರು ಗಂಡಸರನ್ನು ನೋಡಿದರೆ ಬಹುಪಾಲು ಎಲ್ಲರೂ ಪ್ಯಾಂಟು ತೊಟ್ಟವರೇ. ಕಿಲ್ಟ್ ಪೆಟ್ಟಿಗೆಯಿಂದ ಹೊರಬರುವುದು ಮದುವೆಗೆ, ಪದವಿ ಪ್ರದಾನಕ್ಕೆ, ಕವಿ ರಾಬರ್ಟ್ ಬರ್ನ್ಸ್ ನೆನಪಿನ ಜನವರಿ 25ರ ಔತಣಕ್ಕೆ, ಫುಟ್ಬಾಲ್ ಪಂದ್ಯಕ್ಕೆ. ಸೋಮವಾರ ಕಚೇರಿಗೆ, ಮಂಗಳವಾರ ಸಂತೆಗೆ, ಬುಧವಾರ ಗರಗಸ ಹಿಡಿದು ಮರಗೆಲಸಕ್ಕೆ ಕಿಲ್ಟ್ ಉಟ್ಟು ಹೋಗುವವರು ಅಲ್ಲಿಯೂ ಕೆಲವರೇ. ಕಿಲ್ಟಿನ ತವರಿನಲ್ಲಿಯೇ ಅಂಥವರನ್ನು ಜನ ತಿರುಗಿ ನೋಡುತ್ತಾರೆ. ಮದುವೆ ಎಲ್ಲಿ ಎಂದು ವಿಚಾರಿಸುತ್ತಾರೆ.

ಹೀಗೆ ತಿರುಗಿ ನೋಡಿಸಿಕೊಳ್ಳುವುದಕ್ಕೆ ಒಂದು ದೀರ್ಘ ಚರಿತ್ರೆಯಿದೆ. ಆ ಚರಿತ್ರೆಯ ಒಂದೆರಡು ಎಳೆಗಳು ಶ್ರೀರಂಗಪಟ್ಟಣದವರೆಗೂ ಚಾಚಿವೆ.

ಎತ್ತಿಕಟ್ಟಿದ ಬಟ್ಟೆ

ಕಿಲ್ಟ್ ಎಂಬ ಪದ ಸ್ಕಾಟ್ಲೆಂಡಿನ ಬೆಟ್ಟಸೀಮೆಯವರ ಗೇಲಿಕ್ ಭಾಷೆಯದಲ್ಲ. ಉತ್ತರ ಯೂರೋಪಿನ ನಾರ್ಸ್ ಮೂಲದಿಂದ ಬಂದ ಆ ಪದಕ್ಕೆ ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಎಂದರ್ಥ. ಗದ್ದೆಗಿಳಿಯುವ ಮುನ್ನ ಮುಂಡನ್ನು ಅರ್ಧಕ್ಕೆ ಮಡಚಿ ಎತ್ತಿಕಟ್ಟುವ ನಮ್ಮ ಕಡೆಯ ರೈತನಿಗೆ ಈ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲಿನ ಕಿಲ್ಟ್ ಹೊಲಿದ ಉಡುಪೇ ಆಗಿರಲಿಲ್ಲ. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ವರ್ಣನೆಗಳು ಸಿಗತೊಡಗುತ್ತವೆ. 1594ರಲ್ಲಿ ಐರ್ಲೆಂಡಿಗೆ ಕಾದಾಡಲು ಹೋದ ದ್ವೀಪವಾಸಿ ಸ್ಕಾಟ್ ಸೈನಿಕರನ್ನು ಕುರಿತ ಬರವಣಿಗೆ ಅವುಗಳಲ್ಲಿ ಪ್ರಸಿದ್ಧ. ಗೇಲಿಕ್ಕಿನಲ್ಲಿ ಅದಕ್ಕೆ ಫೇಲೆ ಮೋರ್, ಅಂದರೆ ದೊಡ್ಡ ಸುತ್ತುಬಟ್ಟೆ ಎಂದು ಹೆಸರು. ಹಲವು ಗಜ ಉದ್ದದ ಉಣ್ಣೆಯ ಕಂಬಳಿಯನ್ನು ನೆಲದ ಮೇಲೆ ಹಾಸಿ, ಕೈಯಿಂದ ನೆರಿಗೆ ಹಿಡಿದು, ಅದರ ಮೇಲೆ ಮಲಗಿ, ಎರಡೂ ಅಂಚುಗಳನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ನಡುಪಟ್ಟಿ ಬಿಗಿದು ಎದ್ದರೆ ಉಡುಪು ಸಿದ್ಧ. ಕೆಳಗಿನ ಅರ್ಧ ಸೊಂಟದಿಂದ ಮೊಣಕಾಲಿನವರೆಗೆ ಇಳಿಯುತ್ತಿತ್ತು. ಮೇಲಿನ ಅರ್ಧವನ್ನು ಹೆಗಲಿಗೆ ಹೊದೆಯಬಹುದಿತ್ತು, ಮಳೆ ಬಂದರೆ ತಲೆಯ ಮೇಲೆ ಎಳೆದುಕೊಳ್ಳಬಹುದಿತ್ತು. ರಾತ್ರಿ ಪಟ್ಟಿ ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. ಒದ್ದೆ ಪೊದೆಗಳಲ್ಲಿ, ತೊರೆಗಳಲ್ಲಿ, ಜೌಗುನೆಲದಲ್ಲಿ ದಿನವಿಡೀ ದನ ಕಾಯುವವನಿಗೆ ಕಾಲಿಗಂಟಿ ಒದ್ದೆಯಾಗಿಯೇ ಉಳಿಯುವ ಷರಾಯಿಗಿಂತ ಬರಿಗಾಲೇ ಲೇಸಾಗಿತ್ತು. ಅದು ಬಡವನ ಉಡುಪು, ಕೆಲಸಗಾರನ ಉಡುಪು.

ಇಂದು ಕಾಣುವ ಕಿಲ್ಟ್ ಅದರ ಕೆಳಗಿನ ಅರ್ಧ ಮಾತ್ರ. ಫೇಲೆ ಬೆಗ್, ಅಂದರೆ ಚಿಕ್ಕ ಸುತ್ತುಬಟ್ಟೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಗ್ಲೆನ್‌ಗ್ಯಾರಿ ಪ್ರದೇಶದಲ್ಲಿ ಕಬ್ಬಿಣದ ಕುಲುಮೆ ಹೂಡಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಉದ್ಯಮಿ, ಕೂಲಿಗಳಿಗೆ ಕೆಲಸದ ವೇಳೆ ಉದ್ದನೆಯ ಹೊದಿಕೆ ತೊಡಕಾಗುವುದನ್ನು ಕಂಡು ಅದನ್ನು ಎರಡಾಗಿ ಕತ್ತರಿಸಿ ಚಿಕ್ಕ ಕಿಲ್ಟನ್ನು ರೂಪಿಸಿದನೆಂದು 1785ರಲ್ಲಿ ಪ್ರಕಟವಾದ ಒಂದು ಪತ್ರ ಹೇಳಿತು. ಅದಕ್ಕೂ ಮುಂಚೆಯೇ ಬೆಟ್ಟಸೀಮೆಯಲ್ಲಿ ಚಿಕ್ಕ ಕಿಲ್ಟ್ ಇತ್ತೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಯಾವುದೇ ಪಕ್ಷವನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ಆ ಬದಲಾವಣೆಗೆ ಕಾರಣವಾಗಿ ಹೇಳುವುದು ದುಡಿಮೆಯ ಅನುಕೂಲವನ್ನೇ, ಉತ್ಸವವನ್ನಲ್ಲ.

ಈಗಿನ ಸಾಂಪ್ರದಾಯಿಕ ಕಿಲ್ಟಿಗೆ ಸುಮಾರು 8 ಗಜ ಉಣ್ಣೆಯ ಬಟ್ಟೆ ಬೇಕು. ಮುಂಭಾಗ ಸಪಾಟಾದ ಎರಡು ಪದರ; ನೆರಿಗೆಯೆಲ್ಲ ಹಿಂದೆ. ಚೌಕಳಿಯ ಗೆರೆಗಳು ನೆರಿಗೆ ಹಿಡಿದ ಮೇಲೂ ತಪ್ಪದೆ ಕೂಡುವಂತೆ ಪ್ರತಿಯೊಂದು ನೆರಿಗೆಯನ್ನೂ ಅಳೆದು ಕೈಯಿಂದ ಹೊಲಿಯಬೇಕು. ನುರಿತ ಕೈಗೂ ಅದು ಕೆಲವು ದಿನಗಳ ಕೆಲಸ. ಬೆಲೆ ನೂರಾರು ಪೌಂಡು. ಜೇಬಿಲ್ಲದ ಕಾರಣ ಮುಂದೆ ಸ್ಪೊರನ್ ಎಂಬ ತೊಗಲಿನ ಚೀಲ ತೂಗುತ್ತದೆ. ಕಾಲುಚೀಲದ ಅಂಚಿನಲ್ಲಿ ಸ್ಕಿಯನ್ ಡೂ ಎಂಬ ಪುಟ್ಟ ಚೂರಿ. ಸಾರ್ವಜನಿಕ ಸ್ಥಳದಲ್ಲಿ ಚೂರಿ ಹಿಡಿದು ತಿರುಗುವುದನ್ನು ನಿಷೇಧಿಸುವ ಅಲ್ಲಿನ 1995ರ ಕಾನೂನೂ ರಾಷ್ಟ್ರೀಯ ಉಡುಪಿನ ಅಂಗವಾಗಿ ಧರಿಸಿದ ಚೂರಿಗೆ ರಕ್ಷಣೆ ನೀಡುತ್ತದೆ. ಕೊಡವರ ಕುಪ್ಯದ ನಡುಕಟ್ಟಿನಲ್ಲಿ ಪೀಚೆಕತ್ತಿಯನ್ನು ಕಂಡವರಿಗೆ ಇದು ವಿಚಿತ್ರವೆನಿಸದು.

ಉಟ್ಟರೆ ಸೆರೆಮನೆ

1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಸ್ಟುವರ್ಟ್ ರಾಜವಂಶದ ಪರವಾಗಿ ದಂಗೆಯೆದ್ದವರು ಸೋತರು. ಆ ಸೇನೆಯಲ್ಲಿ ಬೆಟ್ಟಸೀಮೆಯ ಕುಲಗಳವರು ಬಹಳ ಮಂದಿ ಇದ್ದರು. ಗೆದ್ದ ಸರಕಾರ ಆಯುಧಗಳನ್ನು ಕಸಿದುಕೊಂಡಿತು. ಅಷ್ಟಕ್ಕೇ ನಿಲ್ಲದೆ ಮೈಮೇಲಿನ ಬಟ್ಟೆಗೂ ಕೈಹಾಕಿತು. ಅದೇ ವರ್ಷ ಆದ ಶಾಸನ 1747ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಸೈನ್ಯದಲ್ಲಿರುವವರನ್ನು ಬಿಟ್ಟು ಸ್ಕಾಟ್ಲೆಂಡಿನ ಯಾವ ಗಂಡಸೂ, ಯಾವ ಹುಡುಗನೂ ಬೆಟ್ಟಸೀಮೆಯ ಉಡುಪನ್ನು ತೊಡಕೂಡದು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳ ಸೆರೆ. ಎರಡನೆಯ ಸಲ ಸಿಕ್ಕಿಬಿದ್ದರೆ ಕಡಲಾಚೆಯ ವಸಾಹತುಗಳಿಗೆ 7 ವರ್ಷಗಳ ಗಡೀಪಾರು.

ಸೈನ್ಯಕ್ಕೆ ಕೊಟ್ಟ ವಿನಾಯಿತಿಯಲ್ಲಿ ಆಳುವವರ ಜಾಣತನವೆಲ್ಲ ಅಡಗಿದೆ. ತನ್ನ ಊರಿನಲ್ಲಿ ಕಿಲ್ಟ್ ಉಟ್ಟರೆ ಅಪರಾಧಿ. ಅರಸನ ಸಂಬಳಕ್ಕೆ ಸೇರಿ ಪರದೇಶದಲ್ಲಿ ಕಾದಾಡುವುದಾದರೆ ಅದೇ ಕಿಲ್ಟ್ ಸಮವಸ್ತ್ರ. ಈ ನಿಷೇಧ ಜಾರಿಯಲ್ಲಿದ್ದಾಗಲೇ, 1777ರಲ್ಲಿ, ಲಾರ್ಡ್ ಮೆಕ್ಲೌಡ್ 73ನೆಯ ಹೈಲ್ಯಾಂಡ್ ರೆಜಿಮೆಂಟನ್ನು ಕಟ್ಟಿದನು. ಅವನೇ ಹಿಂದೆ ದಂಗೆಕೋರರ ಪಕ್ಷದಲ್ಲಿದ್ದು ಕ್ಷಮೆ ಪಡೆದವನು. ಆ ರೆಜಿಮೆಂಟಿನ ಒಂದು ಪಡೆ 1780ರಲ್ಲಿ ಮದರಾಸಿಗೆ ಬಂದಿಳಿಯಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ತುಕಡಿಯನ್ನು ನುಚ್ಚುನೂರು ಮಾಡಿತು. ಸೆರೆಸಿಕ್ಕವರಲ್ಲಿ ಆ ರೆಜಿಮೆಂಟಿನ ಡೇವಿಡ್ ಬೇರ್ಡ್ ಒಬ್ಬನು. ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮೀರಿ ಬಂದಿಯಾಗಿದ್ದು, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ದಳದ ನಾಯಕನಾಗಿ ಮರಳಿ ಬಂದವನು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನೋಡುವ ಕನ್ನಡಿಗರು ಇದೊಂದನ್ನು ನೆನೆಯಬಹುದು: ಅಂದು ಸೋತು ಬಿದ್ದವರ ನಡುವೆ, ತಾಯ್ನಾಡಿನಲ್ಲಿ ತಮ್ಮ ಬಟ್ಟೆಯನ್ನು ಉಡುವ ಹಕ್ಕಿಲ್ಲದ ಒಂದು ಜನಾಂಗದ ಮಕ್ಕಳೂ ಇದ್ದರು.

ನಿಷೇಧ ರದ್ದಾದದ್ದು 1782ರ ಜುಲೈ 1ರಂದು. ಆಗ ಇನ್ನೊಂದು ಸತ್ಯ ಹೊರಬಿತ್ತು. ಮೂವತ್ತೈದು ವರ್ಷಗಳಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು. ಕಿಲ್ಟ್ ಉಟ್ಟು ದನ ಕಾದಿದ್ದ ಅಜ್ಜಂದಿರು ತೀರಿಹೋಗಿದ್ದರು. ಮೊಮ್ಮಕ್ಕಳು ಷರಾಯಿಯಲ್ಲೇ ಬೆಳೆದಿದ್ದರು. ಕಾನೂನು ಬಾಗಿಲನ್ನು ತೆರೆಯಿತೇ ಹೊರತು ಬಿಟ್ಟುಹೋದ ರೂಢಿಯನ್ನು ಮರಳಿ ತರಲಾರದಾಯಿತು. ದುಡಿಯುವವನ ದಿನನಿತ್ಯದ ಉಡುಪಾಗಿ ಕಿಲ್ಟ್ ಮತ್ತೆ ಹಿಂದಿನಂತೆ ತಲೆಯೆತ್ತಲಿಲ್ಲ.

ಅರಸನ ವೇಷ, ಮೆಕಾಲೆಯ ಕೊಂಕು

ಬಡವನ ಮೈಯಿಂದ ಇಳಿದ ಬಟ್ಟೆ ಸಿರಿವಂತನ ಪೆಟ್ಟಿಗೆ ಸೇರಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ಸ್ವಾಗತವನ್ನು ಬೆಟ್ಟಸೀಮೆಯ ವೈಭವದ ನಾಟಕವಾಗಿ ಸಜ್ಜುಗೊಳಿಸಿದನು. ಸ್ಥೂಲಕಾಯದ ಅರಸನು ಮೈಬಣ್ಣದ ಬಿಗಿ ಷರಾಯಿಯ ಮೇಲೆ ಕಿಲ್ಟ್ ಉಟ್ಟು ದರ್ಶನ ಕೊಟ್ಟನು, ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಎಷ್ಟೋ ಮಂದಿ ಬಯಲುಸೀಮೆಯ ಸ್ಕಾಟರು ಅಂದೇ ಮೊದಲ ಸಲ ಕಿಲ್ಟ್ ಉಟ್ಟರು. ಮುಂದೆ ವಿಕ್ಟೋರಿಯಾ ರಾಣಿಯ ಮನೆತನ 1852ರಲ್ಲಿ ಬಾಲ್ಮೋರಲ್ ಎಸ್ಟೇಟನ್ನು ಕೊಂಡು ಕೋಣೆಕೋಣೆಗೂ ಚೌಕಳಿ ಹಾಸಿದಾಗ ಕಿಲ್ಟಿಗೆ ರಾಜಮರ್ಯಾದೆ ದೊರೆಯಿತು. ಇಂತಿಂಥ ಕುಲಕ್ಕೆ ಇಂತಿಂಥ ಚೌಕಳಿ ಎಂಬ ಕಟ್ಟಳೆ ಗಟ್ಟಿಯಾದದ್ದೂ ಆ ಶತಮಾನದಲ್ಲಿಯೇ. ಅದಕ್ಕೆ ಪುರಾವೆಯೆಂದು 1842ರಲ್ಲಿ ಪ್ರಕಟವಾದ ವೆಸ್ಟಿಯಾರಿಯಂ ಸ್ಕಾಟಿಕಂ ಎಂಬ ಗ್ರಂಥ ಕೃತಕವೆಂದು ಆಮೇಲೆ ತಿಳಿದುಬಂತು.

ಈ ವೇಷವನ್ನು ಕಂಡು ಕೊಂಕಾಡಿದವರಲ್ಲಿ ನಮಗೆ ಚಿರಪರಿಚಿತನಾದ ಒಬ್ಬನಿದ್ದಾನೆ. 1835ರಲ್ಲಿ ಭಾರತದ ಶಿಕ್ಷಣಕ್ಕೆ ಇಂಗ್ಲಿಷಿನ ದಾರಿ ತೋರಿದ ಟಿಪ್ಪಣಿಯನ್ನು ಬರೆದ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆಯೇ ಅವನು. ಸ್ಕಾಟ್ಲೆಂಡಿಗೆ ಗೌರವ ತೋರಲು ಹೋದ ದೊರೆಯು, ಹಿಂದೆ ಹತ್ತರಲ್ಲಿ ಒಂಬತ್ತು ಮಂದಿ ಸ್ಕಾಟರು ಕಳ್ಳನ ಉಡುಪೆಂದು ಭಾವಿಸುತ್ತಿದ್ದ ಬಟ್ಟೆಯನ್ನು ತೊಟ್ಟನೆಂದು ಅವನು ತನ್ನ ಇಂಗ್ಲೆಂಡಿನ ಚರಿತ್ರೆಯಲ್ಲಿ ಹಂಗಿಸಿದನು. ಮೆಕಾಲೆಯ ತಂದೆಯ ಮನೆತನ ಅದೇ ಬೆಟ್ಟಸೀಮೆಯ ಗೇಲಿಕ್ ಮೂಲದ್ದು. ತನ್ನ ಪೂರ್ವಿಕರ ಬಟ್ಟೆಯನ್ನು ಕುರಿತು ಆಡಿದ ಮಾತಿಗೂ ಪೂರ್ವದೇಶದ ಗ್ರಂಥಗಳನ್ನು ಕುರಿತು ಆಡಿದ ಮಾತಿಗೂ ದನಿ ಒಂದೇ.

1983ರಲ್ಲಿ ಇತಿಹಾಸಕಾರ ಹ್ಯೂ ಟ್ರೆವರ್ ರೋಪರ್ ಈ ಕೊಂಕಿಗೆ ವಿದ್ವತ್ತಿನ ರೂಪ ಕೊಟ್ಟನು. ಕಿಲ್ಟಿನ ಪ್ರಾಚೀನತೆಯೆಲ್ಲ ಇತ್ತೀಚಿನ ಕಟ್ಟುಕತೆ ಎಂಬುದು ಅವನ ಲೇಖನದ ಸಾರ. ಅದರಲ್ಲಿ ನಿಜವೂ ಉಂಟು. 1305ರಲ್ಲಿ ಗಲ್ಲಿಗೇರಿದ ವಿಲಿಯಂ ವಾಲೆಸನಿಗೆ 1995ರ ಬ್ರೇವ್‌ಹಾರ್ಟ್ ಚಲನಚಿತ್ರ ತೊಡಿಸಿದಂಥ ಉಡುಪು ಅವನ ಕಾಲದಲ್ಲಿ ಇದ್ದುದಕ್ಕೆ ಆಧಾರವಿಲ್ಲ. ಆದರೆ ಕುಲಚೌಕಳಿಯ ಕತೆ ಸುಳ್ಳಾದ ಮಾತ್ರಕ್ಕೆ ಉಡುಪೇ ಸುಳ್ಳಾಗುವುದಿಲ್ಲ. ಕಟ್ಟುಕತೆಯನ್ನು ಉಟ್ಟದ್ದಕ್ಕಾಗಿ ಯಾರನ್ನೂ ಆರು ತಿಂಗಳು ಸೆರೆಯಲ್ಲಿಡುವುದಿಲ್ಲ.

ಪೆಟ್ಟಿಗೆಯಿಂದ ಬೀದಿಗೆ

ಸೈನ್ಯದಲ್ಲಿ ಕಿಲ್ಟ್ ಬಹುಕಾಲ ಉಳಿಯಿತು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಅದರ ನೆರಿಗೆಗಳಿಗೆ ಕೆಸರು ಮೆತ್ತಿತು, ಹೇನು ಹತ್ತಿತು, ಹೆಪ್ಪುಗಟ್ಟಿದ ಅಂಚು ಮೊಣಕಾಲಿನ ಹಿಂಬದಿಯನ್ನು ಕೊಯ್ದಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ರಣರಂಗದ ಉಡುಪಾಗಿ ಅದನ್ನು ಹಿಂತೆಗೆದುಕೊಂಡರು. ಆಮೇಲೆ ಉಳಿದದ್ದು ಕವಾಯತು ಮತ್ತು ಮದುವೆ.

ಬದಲಾವಣೆ ಕಾಣಿಸಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಟಾರ್ಟನ್ ಆರ್ಮಿ ಎಂದು ಹೆಸರಾದ ಫುಟ್ಬಾಲ್ ಅಭಿಮಾನಿಗಳು ಕಿಲ್ಟಿನ ಮೇಲೆ ತಂಡದ ಬನಿಯನ್ನನ್ನು ತೊಟ್ಟು, ಕಾಲಿಗೆ ಒರಟು ಬೂಟು ಹಾಕಿ ಪರದೇಶಗಳಿಗೆ ಹೋಗತೊಡಗಿದರು. ಕೋಟು, ಬೋ ಟೈ, ಬೆಳ್ಳಿಯ ಗುಂಡಿಗಳ ಕಟ್ಟುಪಾಡು ಅಲ್ಲಿ ಮುರಿಯಿತು. 2000ದ ಜುಲೈಯಲ್ಲಿ ನಟ ಷಾನ್ ಕಾನರಿ ಎಡಿನ್‌ಬರೋದ ಹಾಲಿರೂಡ್ ಅರಮನೆಯಲ್ಲಿ ರಾಣಿಯಿಂದ ಸರ್ ಪದವಿ ಪಡೆದದ್ದು ಬೆಟ್ಟಸೀಮೆಯ ಪೂರ್ಣ ಉಡುಪಿನಲ್ಲಿ. ಆದರೆ ಅದು ಸಮಾರಂಭ. ದಿನನಿತ್ಯದ ಪ್ರಶ್ನೆಯನ್ನು ಎತ್ತಿದವರು ಬೇರೆ.

ಎಡಿನ್‌ಬರೋದ ಹೋವಿ ನಿಕಲ್ಸ್‌ಬಿ ಕಿಲ್ಟ್ ಹೊಲಿಯುವವರ ಮನೆಯಲ್ಲಿ ಹುಟ್ಟಿದವರು. 1996ರಲ್ಲಿ ಅವರು ಇಪ್ಪತ್ತೊಂದನೆಯ ಶತಮಾನದ ಕಿಲ್ಟ್ ಎಂಬ ಹೆಸರಿನಲ್ಲಿ ತಮ್ಮದೇ ಉದ್ಯಮ ಆರಂಭಿಸಿ, ಡೆನಿಮ್, ತೊಗಲು, ಟ್ವೀಡ್ ಮುಂತಾದ ಬಟ್ಟೆಗಳಲ್ಲಿ, ಚೌಕಳಿಯಿಲ್ಲದೆ, ಜೇಬುಗಳನ್ನಿಟ್ಟು ಕಿಲ್ಟ್ ಹೊಲಿಯತೊಡಗಿದರು. ಮಾರುವುದಷ್ಟೇ ಅಲ್ಲ, ತಾವೂ ಪ್ಯಾಂಟನ್ನು ಬಿಟ್ಟು ದಿನವೂ ಕಿಲ್ಟನ್ನೇ ಉಡುವವರೆಂದು ಹೆಸರಾದರು. ಅಮೆರಿಕದ ಸಿಯಾಟಲ್ ನಗರದಲ್ಲಿ 2000ದಲ್ಲಿ ಸ್ಟೀವನ್ ವಿಲ್ಲೆಗಾಸ್ ಆರಂಭಿಸಿದ ಯುಟಿಲಿಕಿಲ್ಟ್ಸ್ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ದಪ್ಪ ಹತ್ತಿಬಟ್ಟೆ, ಇಕ್ಕೆಲಗಳಲ್ಲಿ ದೊಡ್ಡ ಜೇಬು, ಮುಂದೆ ಒತ್ತುಗುಂಡಿ, ಸಲಕರಣೆ ತೂಗುಹಾಕಲು ಕೊಂಡಿ. ಸ್ಕಾಟ್ ವಂಶದವರೇ ಆಗಬೇಕೆಂಬ ಮಾತೇ ಅಲ್ಲಿರಲಿಲ್ಲ. ರಾಲಿನ್‌ಸನ್ನನ ಕುಲುಮೆಯ ಕೂಲಿಗಳ ಕತೆ ನಿಜವಾಗಿದ್ದರೆ, ಕಿಲ್ಟ್ ಎರಡೂವರೆ ಶತಮಾನಗಳ ಬಳಿಕ ಮತ್ತೆ ಕೆಲಸದ ಕೊಟ್ಟಿಗೆಗೆ ಬಂದಂತಾಯಿತು.

ಆಕ್ಷೇಪಗಳು ನಾಲ್ಕು ದಿಕ್ಕಿನಿಂದ ಬಂದವು. ಮೊದಲನೆಯದು ಮಡಿವಂತರದು: ಡೆನಿಮ್ಮಿನ ಕಿಲ್ಟ್ ಕಿಲ್ಟೇ ಅಲ್ಲ, ಕುಲಚೌಕಳಿಯಿಲ್ಲದೆ ಅದಕ್ಕೆ ಮರ್ಯಾದೆಯಿಲ್ಲ ಎಂಬುದು. ಉಡುಪು ಎಂದೂ ಒಂದೇ ರೂಪದಲ್ಲಿ ನಿಂತಿದ್ದಿಲ್ಲವೆಂಬ ಮೇಲಿನ ಇತಿಹಾಸವೇ ಅದಕ್ಕೆ ಉತ್ತರ. ಎರಡನೆಯದು ಗಂಡಸುತನದ ರಕ್ಷಕರದು: ಅದು ಹೆಂಗಸರ ಲಂಗವೆಂಬ ಗೇಲಿ. ಆದರೆ ನಾಲ್ಕನೆಯ ಶತಮಾನದ ಕೊನೆಯಲ್ಲಿ ರೋಮನ್ ಚಕ್ರವರ್ತಿ ಹೊನೋರಿಯಸ್ ರೋಮ್ ನಗರದೊಳಗೆ ನಿಷೇಧಿಸಿದ್ದು ಷರಾಯಿಯನ್ನು. ಅನಾಗರಿಕರ ಉಡುಪೆಂಬ ಕಾರಣಕ್ಕೆ. ಯೂರೋಪಿನ ಗಂಡಸರು ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಬಣ್ಣವನ್ನೂ ಚೆಲುವನ್ನೂ ತೊರೆದು ಕಪ್ಪು ಬೂದು ಷರಾಯಿಗಳಿಗೆ ಶರಣಾದುದನ್ನು ಮನಶ್ಶಾಸ್ತ್ರಜ್ಞ ಜೆ. ಸಿ. ಫ್ಲೂಗೆಲ್ 1930ರಲ್ಲಿ ಪುರುಷರ ಮಹಾತ್ಯಾಗವೆಂದು ಕರೆದನು. ಈ ಗೇಲಿಗೆ ಪುರಾತನ ನಿಯಮವೆಂಬ ಬೆಂಬಲವಿಲ್ಲ.

ಮೂರನೆಯ ಆಕ್ಷೇಪ ಅನುಕೂಲದ ಕುರಿತದ್ದು: ಗಾಳಿಗೆ ಹಾರುತ್ತದೆ, ಚಳಿಗೆ ಆಗದು, ಬೆಲೆ ಹೆಚ್ಚು. ಇದರಲ್ಲಿ ನ್ಯಾಯವಿದೆ. ಎಂಟು ಗಜದ ಉಣ್ಣೆಯ ಕಿಲ್ಟ್ ತನ್ನ ಭಾರದಿಂದಲೇ ಗಾಳಿಯನ್ನು ತಡೆಯುತ್ತದೆ, ನೆರಿಗೆಗಳ ಬಿಸಿ ಸೊಂಟವನ್ನು ಕಾಯುತ್ತದೆ; ಹಗುರವಾದ ಅಗ್ಗದ ಕಿಲ್ಟಿಗೆ ಆ ಗುಣವಿಲ್ಲ. ಎಡಿನ್‌ಬರೋದ ರಾಜಬೀದಿಯಲ್ಲಿ ಪ್ರವಾಸಿಗರಿಗೆಂದು ತೂಗುಹಾಕಿದ ಎಷ್ಟೋ ಅಗ್ಗದ ಕಿಲ್ಟ್‌ಗಳು ಹೊರದೇಶಗಳಲ್ಲಿ ತಯಾರಾದವು. ಪಾಕಿಸ್ತಾನದ ಸಿಯಾಲ್‌ಕೋಟ್ ಕಿಲ್ಟನ್ನೂ ಬ್ಯಾಗ್‌ಪೈಪನ್ನೂ ರಫ್ತು ಮಾಡುವ ಊರು. ಅದರ ಮುಂದೆ ಕೈಹೊಲಿಗೆಯವರು ಬೆಲೆಯಲ್ಲಿ ನಿಲ್ಲುವುದು ಕಷ್ಟ. ದಿನನಿತ್ಯ ಉಡುವವರು ಹೆಚ್ಚದೆ ಆ ಕಸುಬು ಮದುವೆಯ ಬಾಡಿಗೆ ಅಂಗಡಿಗಳನ್ನೇ ನೆಚ್ಚಬೇಕಾಗುತ್ತದೆ.

ನಾಲ್ಕನೆಯದು ಆಕ್ಷೇಪವಲ್ಲ, ಕಿರುಕುಳ. ಒಳಗೇನು ತೊಟ್ಟಿದ್ದೀರಿ ಎಂಬ ಪ್ರಶ್ನೆಯನ್ನು ಕಿಲ್ಟ್ ಉಟ್ಟವರು ಎಷ್ಟು ಸಲ ಕೇಳಿಸಿಕೊಳ್ಳುತ್ತಾರೋ ಲೆಕ್ಕವಿಲ್ಲ. ಪಾನಗೃಹಗಳಲ್ಲಿ, ಮದುವೆಗಳಲ್ಲಿ ಅಪರಿಚಿತರು ಹಿಂದಿನಿಂದ ಬಂದು ಬಟ್ಟೆ ಎತ್ತುವುದು ತಮಾಷೆಯೆಂದೇ ನಡೆದುಬಂದಿದೆ. ಹೆಣ್ಣಿಗೆ ಹೀಗೆ ಮಾಡಿದರೆ ಅದು ಅಪರಾಧವೆಂದು ಒಪ್ಪುವವರೂ ಗಂಡಿನ ವಿಷಯದಲ್ಲಿ ನಕ್ಕುಬಿಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಬಟ್ಟೆಯೊಳಗಿನ ಚಿತ್ರವನ್ನು ಕದ್ದು ತೆಗೆಯುವುದನ್ನು ಅಪರಾಧವಾಗಿಸಿದ 2019ರ ಶಾಸನ ಕಿಲ್ಟ್ ಉಟ್ಟ ಗಂಡಸರನ್ನೂ ರಕ್ಷಿಸುತ್ತದೆ. ನಗೆಯ ಹೆಸರಿನಲ್ಲಿ ಸಲ್ಲುತ್ತಿದ್ದುದಕ್ಕೆ ಕಾನೂನು ಸರಿಯಾದ ಹೆಸರಿಟ್ಟಿತು.

ವಿರೋಧದ ನಡುವೆಯೂ ಪ್ರಶ್ನೆ ಸ್ಕಾಟ್ಲೆಂಡಿನ ಎಲ್ಲೆ ದಾಟಿತು. ಗಂಡಸರ ಲಂಗಗಳನ್ನು ಕುರಿತ ಪ್ರದರ್ಶನ 2002ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿಯೂ, 2003ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿಯೂ ನಡೆಯಿತು. 2013ರ ಬೇಸಗೆಯಲ್ಲಿ ಸ್ಟಾಕ್‌ಹೋಮಿನ ರೈಲು ಚಾಲಕರು, ಚಡ್ಡಿ ತೊಡಲು ಅನುಮತಿಯಿಲ್ಲದ ಕಾರಣ, ಸಮವಸ್ತ್ರದಲ್ಲಿಯೇ ಸೇರಿದ್ದ ಲಂಗವನ್ನು ತೊಟ್ಟು ರೈಲು ಓಡಿಸಿದರು. 2017ರ ಜೂನ್ ಸೆಕೆಯಲ್ಲಿ ಫ್ರಾನ್ಸಿನ ನಾಂತ್ ನಗರದ ಬಸ್ ಚಾಲಕರೂ ಇಂಗ್ಲೆಂಡಿನ ಎಕ್ಸಿಟರ್ ನಗರದ ಶಾಲೆಯೊಂದರ ಹುಡುಗರೂ ಅದೇ ಉಪಾಯ ಹೂಡಿದರು. ಸೆಕೆಗೆ ಗಾಳಿಯಾಡುವ ಬಟ್ಟೆ ಬೇಕೆಂಬ ಸರಳ ಸಂಗತಿಯನ್ನು ಯೂರೋಪು ಹೀಗೆ ಪ್ರತಿಭಟನೆಯ ಮೂಲಕ ಕಲಿಯಬೇಕಾಯಿತು.

ನಮ್ಮ ಮೊಣಕಾಲು, ನಮ್ಮ ಮುಂಡು

ಕೇರಳದ ನೆಲದಲ್ಲಿ ಬಾಳುವ ಕನ್ನಡಿಗರಿಗೆ ಆ ಸಂಗತಿ ಹೊಸದಲ್ಲ. ಇಲ್ಲಿ ಮಂತ್ರಿಗಳು ವಿಧಾನಸಭೆಗೆ ಬರುವುದು ಮುಂಡು ಉಟ್ಟು. ಅಂಗಡಿಯವನು ವ್ಯಾಪಾರಕ್ಕೆ ಕೂರುವುದು ಮುಂಡು ಉಟ್ಟು. ನಡೆಯುವಾಗ ಅರ್ಧಕ್ಕೆ ಮಡಚಿ ಕಟ್ಟಿದ ಮುಂಡು ಹಿರಿಯರು ಎದುರಾದೊಡನೆ ಕೆಳಗಿಳಿಯುತ್ತದೆ. ಮಾತಿಲ್ಲದೆಯೇ ಮರ್ಯಾದೆ ಸಲ್ಲುತ್ತದೆ. ಒಳಗೇನು ತೊಟ್ಟಿದ್ದೀರೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕಿಲ್ಟ್ ಉಡುವ ಸ್ಕಾಟರು ಹೋರಾಡಿ ಪಡೆಯಬಯಸುವ ಸಹಜತೆ ಇಲ್ಲಿ ರೂಢಿಯಿಂದಲೇ ಬಂದಿದೆ.

ಹಾಗೆಂದು ಬೀಗುವಂತಿಲ್ಲ. 2014ರ ಜುಲೈಯಲ್ಲಿ ವೇಷ್ಟಿ ಉಟ್ಟುಬಂದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರಿಗೆ ಚೆನ್ನೈಯ ಕ್ಲಬ್ಬೊಂದು ಪ್ರವೇಶ ನಿರಾಕರಿಸಿತು. ಸ್ವಾತಂತ್ರ್ಯ ಬಂದು ಅರುವತ್ತೇಳು ವರ್ಷಗಳಾಗುತ್ತ ಬಂದಿದ್ದರೂ ಸಾಹೇಬರ ಕಾಲದ ಬಾಗಿಲು ತೆರೆದಿರಲಿಲ್ಲ. ಮರುತಿಂಗಳೇ ತಮಿಳುನಾಡು ವಿಧಾನಸಭೆ ಶಾಸನ ಮಾಡಿ, ವೇಷ್ಟಿಯ ಕಾರಣಕ್ಕೆ ಸಾರ್ವಜನಿಕ ಸ್ಥಳಗಳಲ್ಲಿ ಪ್ರವೇಶ ತಡೆದವರಿಗೆ ಒಂದು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಎಂದು ವಿಧಿಸಿತು. 1747ರ ಶಾಸನ ನಾಡಿನ ಉಡುಪನ್ನು ಉಟ್ಟವನನ್ನು ಸೆರೆಗೆ ಕಳುಹಿಸಿದರೆ, 2014ರದು ಅದನ್ನು ತಡೆದವನನ್ನು ಸೆರೆಗೆ ಕಳುಹಿಸುವೆನೆಂದಿತು.

ಕನ್ನಡನಾಡಿನ ರಾಜಧಾನಿಯೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. 2024ರ ಜುಲೈಯಲ್ಲಿ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟ ಕಾರಣಕ್ಕೆ ಬೆಂಗಳೂರಿನ ಮಾಲೊಂದರ ಬಾಗಿಲಲ್ಲಿ ತಡೆದರು. ನಾಡಿನಾದ್ಯಂತ ಆಕ್ರೋಶವೆದ್ದಿತು, ಸರಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಬಾಗಿಲಲ್ಲಿ ತಡೆದ ಕಾವಲುಗಾರ ಹೊರದೇಶದವನಾಗಿರಬೇಕಾದ ಅಗತ್ಯವೇನೂ ಇರಲಿಲ್ಲ. ನಮ್ಮವರನ್ನು ನಮ್ಮವರೇ ಕಣ್ಣಳತೆಯಲ್ಲಿ ಅಳೆದು ಹೊರಗೆ ನಿಲ್ಲಿಸುವ ವಿದ್ಯೆಯನ್ನು ನಾವು ಚೆನ್ನಾಗಿಯೇ ಕಲಿತಿದ್ದೇವೆ.

ಬಟ್ಟೆ ಉಳಿಯಿತು, ಮಾತು?

ಸ್ಕಾಟ್ಲೆಂಡಿನ ಕತೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಗಮನಿಸಬೇಕಾದ ಒಂದು ಭಾಗ ಉಳಿದಿದೆ. ಕಿಲ್ಟನ್ನು ಉಡುತ್ತಿದ್ದ ಬೆಟ್ಟಸೀಮೆಯವರ ಮಾತು ಗೇಲಿಕ್. ಕಿಲ್ಟ್ ಅರಮನೆ ಸೇರಿದ ಶತಮಾನದಲ್ಲಿಯೇ ಆ ಮಾತು ಶಾಲೆಯಿಂದ ಹೊರಬಿದ್ದಿತು. 1872ರ ಶಿಕ್ಷಣ ಶಾಸನದಲ್ಲಿ ಗೇಲಿಕ್ಕಿಗೆ ಎಡೆಯೇ ಇರಲಿಲ್ಲ. 1891ರ ಜನಗಣತಿಯಲ್ಲಿ ಎರಡೂವರೆ ಲಕ್ಷದಷ್ಟಿದ್ದ ಗೇಲಿಕ್ ಭಾಷಿಕರು 2011ರ ಹೊತ್ತಿಗೆ ಸುಮಾರು 57 ಸಾವಿರಕ್ಕೆ ಇಳಿದರು. ಉಡುಪನ್ನು ಲೋಕವೆಲ್ಲ ಗುರುತಿಸುವಂತಾಯಿತು. ಅದನ್ನು ನೆಯ್ದವರ ನುಡಿಯನ್ನು ಪಕ್ಕದ ಊರಿನವರೂ ಅರಿಯದಂತಾಯಿತು. ಬಟ್ಟೆಯನ್ನು ಪ್ರದರ್ಶನಕ್ಕಿಡಬಹುದು, ಮಾರಬಹುದು. ಮಾತಿಗೆ ಆಡುವವರ ಬಾಯಿಯೇ ಬೇಕು.

2005ರಲ್ಲಿ ಗೇಲಿಕ್ ಭಾಷೆಯ ಅಧಿನಿಯಮ ಬಂದಿತು, ಗೇಲಿಕ್ ಮಾಧ್ಯಮದ ಶಾಲೆಗಳು ಹೆಚ್ಚಿದವು. 2022ರ ಜನಗಣತಿಯಲ್ಲಿ ಮಾತನಾಡಬಲ್ಲವರ ಸಂಖ್ಯೆ ಸುಮಾರು 70 ಸಾವಿರಕ್ಕೆ ಏರಿತು. ಆದರೆ ಅದೇ ಗಣತಿ ಇನ್ನೊಂದನ್ನೂ ಹೇಳಿತು. ಗೇಲಿಕ್ ಮನೆಮಾತಾಗಿ ಉಳಿದಿದ್ದ ಪಶ್ಚಿಮದ ದ್ವೀಪಗಳಲ್ಲಿ ಅದನ್ನು ಆಡುವವರು ಅರ್ಧಕ್ಕಿಂತ ಕಡಿಮೆಯಾಗಿದ್ದರು. ನಗರದಲ್ಲಿ ಕಲಿಯುವವರು ಹೆಚ್ಚುತ್ತಿದ್ದಾರೆ, ಹಳ್ಳಿಯಲ್ಲಿ ಆಡುವವರು ಕಡಿಮೆಯಾಗುತ್ತಿದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡವನ್ನು ಹೊಗಳಿ, ಮಗುವನ್ನು ಕನ್ನಡ ಶಾಲೆಗೆ ಸೇರಿಸಲು ಹಿಂಜರಿಯುವ ಗಡಿನಾಡಿನ ಮನೆಗಳಿಗೆ ಈ ಲೆಕ್ಕ ಅಪರಿಚಿತವಲ್ಲ.

ದಿನವೂ ಕಿಲ್ಟ್ ಉಡುವ ಕೆಲವೇ ಜನರ ಹಟವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರಲ್ಲಿ ಎಲ್ಲರೂ ಇತಿಹಾಸದ ಭಾರ ಹೊತ್ತವರಲ್ಲ. ಸುಖವಾಗಿರುತ್ತದೆ, ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಉಡುವವರೇ ಹೆಚ್ಚು ಇದ್ದಿರಬಹುದು. ಅದೂ ಸರಿಯೇ. 1782ರಲ್ಲಿ ಬಾಗಿಲು ತೆರೆದಾಗ ಒಳಬರಲು ಜನವಿರಲಿಲ್ಲ; ಈಗ ಕೆಲವರಾದರೂ ಬರುತ್ತಿದ್ದಾರೆ. ಅವರು ಕೇಳುವುದು ಮೆಚ್ಚುಗೆಯನ್ನಲ್ಲ. ವಾರದ ನಡುವಿನ ದಿನ ಎಡಿನ್‌ಬರೋದ ನಿಲ್ದಾಣದಲ್ಲಿ ಕಿಲ್ಟ್ ಉಟ್ಟು ಬಸ್ಸಿಗೆ ಕಾಯುವವನ ಕಡೆಗೆ ಯಾರೂ ಕ್ಯಾಮರಾ ತಿರುಗಿಸದಿದ್ದರೆ, ಮದುವೆ ಯಾರದೆಂದು ಯಾರೂ ಕೇಳದಿದ್ದರೆ, ಬಸ್ಸು ಬಂದಾಗ ಅವನೂ ಎಲ್ಲರಂತೆ ಹತ್ತಿಕೊಂಡರೆ ಅವರಿಗೆ ಅಷ್ಟು ಸಾಕು.